ಸೇನಾದಂಗೆಗೆ ಕಾನೂನಿನ ಮೊಹರು: ಪಾಕಿಸ್ತಾನದಲ್ಲಿ ಅದು ಬಿದ್ದದ್ದು ಹೇಗೆ

ಬಲೂಚಿಸ್ತಾನದ ಲೋರಲಾಯ್ ಜಿಲ್ಲೆಯಲ್ಲಿ ದೋಸ್ಸೊ ಎಂಬಾತನ ಮೇಲೆ ಕೊಲೆಯ ಆರೋಪ ಬಂತು. ವಿಚಾರಣೆ ಮಾಮೂಲಿ ಕೋರ್ಟಿನಲ್ಲಿ ನಡೆಯಲಿಲ್ಲ. ಬ್ರಿಟಿಷರು 1901ರಲ್ಲಿ ಮಾಡಿಟ್ಟಿದ್ದ ಗಡಿನಾಡು ಅಪರಾಧ ಕಾಯ್ದೆಯ ಪ್ರಕಾರ ಜಿರ್ಗಾ ಎಂಬ ಬುಡಕಟ್ಟು ಹಿರಿಯರ ಪಂಚಾಯ್ತಿ ಕೂತು ಅವನನ್ನು ತಪ್ಪಿತಸ್ಥ ಎಂದಿತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು 1956ರ ಸಂವಿಧಾನದ 5ನೇ ವಿಧಿ ಹೇಳುತ್ತಿದ್ದರಿಂದ ಲಾಹೋರಿನ ಹೈಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. ಅದು ವಿಚಾರಣೆಗೆ ಬರುವಷ್ಟರಲ್ಲಿ, 1958ರ ಅಕ್ಟೋಬರ್ 7ರ ರಾತ್ರಿ, ಅಧ್ಯಕ್ಷ ಇಸ್ಕಂದರ್ ಮಿರ್ಜಾ ಆ ಸಂವಿಧಾನವನ್ನೇ ರದ್ದುಪಡಿಸಿ, ಪ್ರಧಾನಿ ಫಿರೋಜ್ ಖಾನ್ ನೂನ್ ಅವರ ಸರ್ಕಾರವನ್ನು ವಜಾ ಮಾಡಿ, ಸೇನಾ ಮುಖ್ಯಸ್ಥ ಅಯೂಬ್ ಖಾನ್ ಅವರನ್ನು ಮಾರ್ಷಲ್ ಲಾ ಮುಖ್ಯ ಆಡಳಿತಗಾರರನ್ನಾಗಿ ಕೂರಿಸಿದ್ದರು.

ಈಗ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು: 5ನೇ ವಿಧಿ ಇನ್ನೂ ಜೀವಂತವಾಗಿದೆಯೇ? ಅದಕ್ಕೆ ಉತ್ತರ ಹೇಳಬೇಕಾದರೆ ಅಕ್ಟೋಬರ್ 7ರ ರಾತ್ರಿ ನಡೆದದ್ದು ಕಾನೂನುಬದ್ಧವೇ ಎಂದು ಹೇಳಲೇಬೇಕು. ಅಕ್ಟೋಬರ್ 27ರಂದು ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಮುನೀರ್ ಹೇಳಿದರು: ಯಶಸ್ವಿಯಾದ ಕ್ರಾಂತಿ ತನ್ನ ಕಾನೂನನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಹಳೆಯ ಸಂವಿಧಾನ ಸತ್ತಿದೆ, ಅದರ ಜೊತೆ 5ನೇ ವಿಧಿಯೂ ಸತ್ತಿದೆ. ಅದೇ ದಿನ ರಾತ್ರಿ ಅಯೂಬರ ಜನರಲ್‌ಗಳು ಮಿರ್ಜಾ ಅವರಿಂದ ರಾಜೀನಾಮೆ ಬರೆಸಿಕೊಂಡರು. ಕೆಲವೇ ದಿನಗಳಲ್ಲಿ ಮಿರ್ಜಾ ಲಂಡನ್ ಸೇರಿದರು. ಯಾರ ಕೃತ್ಯಕ್ಕೆ ಕೋರ್ಟು ಮೊಹರು ಒತ್ತಿತೋ ಆ ಮನುಷ್ಯ ಮಾರನೇ ದಿನ ಅಧಿಕಾರದಲ್ಲೇ ಇರಲಿಲ್ಲ. ಮೊಹರು ಮಾತ್ರ ಉಳಿಯಿತು.

ಸೇನಾಧಿಕಾರಿಗಳು ಸರ್ಕಾರವನ್ನು ಉರುಳಿಸಿ ಅದನ್ನು ಹೇಗೆ ಸಮರ್ಥಿಸಿಕೊಳ್ಳುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ನಮಗೆ ನೆನಪಾಗುವುದು ಟಿವಿಯಲ್ಲಿ ಸಮವಸ್ತ್ರ ತೊಟ್ಟು ಮಾಡುವ ಭಾಷಣ. ಭಾಷಣ ಮುಖ್ಯ, ಆದರೆ ಅದು ಸಮರ್ಥನೆಯ ತೆಳುವಾದ ಭಾಗ. ದಪ್ಪ ಭಾಗ ಇರುವುದು ಭಾಷಣದ ಎರಡು ಮೂರು ದಿನಗಳ ನಂತರ ಹೊರಬೀಳುವ ಆದೇಶದಲ್ಲಿ, ಕೆಲವು ತಿಂಗಳ ನಂತರದ ತೀರ್ಪಿನಲ್ಲಿ, ಹಲವು ವರ್ಷಗಳ ನಂತರದ ಸಂವಿಧಾನ ತಿದ್ದುಪಡಿಯಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ಪಾಕಿಸ್ತಾನದಷ್ಟು ತೆರೆದ ಉದಾಹರಣೆ ಇನ್ನೊಂದಿಲ್ಲ. ಅಲ್ಲಿ 1958, 1969, 1977, 1999 ಮತ್ತು 2007ರಲ್ಲಿ ನಡೆದ ಪ್ರತಿಯೊಂದಕ್ಕೂ ಕಾಗದಪತ್ರ ಇದೆ, ಬಹುಪಾಲು ಎಲ್ಲಕ್ಕೂ ತೀರ್ಪು ಇದೆ.

ಸಮರ್ಥನೆ ಯಾರಿಗೆ ಬೇಕು

ಬಂದೂಕು ಕೈಯಲ್ಲಿರುವವರಿಗೆ ಸಮರ್ಥನೆ ಯಾಕೆ ಬೇಕು ಎನ್ನುವುದು ಸಹಜ ಪ್ರಶ್ನೆ. ಮೊದಲನೆಯದಾಗಿ ಅದು ಬೇಕಿರುವುದು ಸೈನ್ಯದ ಒಳಗೇ. 1973ರ ಸಂವಿಧಾನದ 244ನೇ ವಿಧಿಯ ಪ್ರಕಾರ ಪಾಕಿಸ್ತಾನದ ಪ್ರತಿ ಸೈನಿಕನೂ ಸಂವಿಧಾನವನ್ನು ಎತ್ತಿಹಿಡಿಯುತ್ತೇನೆ, ಯಾವುದೇ ರಾಜಕೀಯ ಚಟುವಟಿಕೆಯಲ್ಲಿ ತೊಡಗುವುದಿಲ್ಲ ಎಂದು ಪ್ರಮಾಣ ಮಾಡಿರುತ್ತಾನೆ. ಹೊಲ ಕಾಯಲೆಂದು ಹಾಕಿದ ಬೇಲಿ ಎದ್ದು ಹೊಲ ಮೇಯುವಾಗ, ತಾನು ಮೇಯುತ್ತಿಲ್ಲ, ಕಾಯುತ್ತಿದ್ದೇನೆ ಎಂದು ಬೇಲಿಯ ಪ್ರತಿ ಮುಳ್ಳಿಗೂ ನಂಬಿಸಬೇಕು. ಪ್ರಧಾನಿಯ ಮನೆಯ ಗೇಟಿಗೆ ಹೋಗಿ ನಿಲ್ಲುವ ಮೇಜರ್ ತಾನು ದೇಶದ್ರೋಹ ಮಾಡುತ್ತಿದ್ದೇನೆ ಎಂದುಕೊಂಡರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು ಆಡಳಿತ. ಮರುದಿನ ಬೆಳಿಗ್ಗೆ ಖಜಾನೆಯಿಂದ ಸಂಬಳ ಆಗಬೇಕು, ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಾಗಬೇಕು, ಜೈಲಿನಲ್ಲಿರುವವರನ್ನು ಯಾವ ಕಾನೂನಿನಡಿ ಇಟ್ಟುಕೊಂಡಿದ್ದೀರಿ ಎಂದರೆ ಉತ್ತರ ಇರಬೇಕು, ಹೊರದೇಶದ ಸಾಲಕ್ಕೆ ಸಹಿ ಹಾಕುವವರಿಗೆ ಅಧಿಕಾರ ಇರಬೇಕು. ಸಂವಿಧಾನ ಬಿದ್ದರೆ ಅದರ ಮೇಲೆ ನಿಂತ ಇದೆಲ್ಲವೂ ಬೀಳುತ್ತದೆ. ಅದಕ್ಕೇ 1958ರ ಅಕ್ಟೋಬರ್ 10ರಂದು ಕಾನೂನುಗಳ ಮುಂದುವರಿಕೆ ಆದೇಶ ಎಂಬ ಸಣ್ಣ ದಾಖಲೆ ಹೊರಬಿತ್ತು. ಅದರ ತಿರುಳು ಇಷ್ಟು: ರದ್ದಾದ ಸಂವಿಧಾನಕ್ಕೆ ಸಾಧ್ಯವಾದಷ್ಟು ಹತ್ತಿರವಾಗಿಯೇ ದೇಶದ ಆಡಳಿತ ನಡೆಯುತ್ತದೆ, ಕೋರ್ಟುಗಳು ಇರುತ್ತವೆ, ಹಳೆಯ ಕಾಯ್ದೆಗಳು ಇರುತ್ತವೆ, ಆದರೆ ಮಾರ್ಷಲ್ ಲಾ ಆಡಳಿತಗಾರರ ವಿರುದ್ಧ ಯಾವ ರಿಟ್ ಅರ್ಜಿಯೂ ನಡೆಯುವುದಿಲ್ಲ. ಮನೆಯ ಯಜಮಾನನನ್ನು ಹೊರಗಟ್ಟಿ, ಮನೆಯ ಕಟ್ಟುಪಾಡೆಲ್ಲ ಹಾಗೇ ಇರಲಿ, ನನ್ನನ್ನು ಮಾತ್ರ ಯಾರೂ ಕೇಳಬೇಡಿ ಎಂದಂತೆ. 1977ರಲ್ಲೂ ಇದೇ ಹೆಸರಿನ ಆದೇಶ ಬಂತು. 1981ರಲ್ಲಿ ಮತ್ತು 1999ರಲ್ಲಿ ಬಂದದ್ದರ ಹೆಸರು ತಾತ್ಕಾಲಿಕ ಸಂವಿಧಾನ ಆದೇಶ. ಪಾಕಿಸ್ತಾನದ ವಕೀಲರ ಬಾಯಲ್ಲಿ ಅದು ಪಿಸಿಒ.

ಮೂರನೆಯವರು ನ್ಯಾಯಮೂರ್ತಿಗಳು. ಇಡೀ ಕಥೆ ನಿಂತಿರುವುದು ಇವರ ಮೇಲೆ. ಅವರ ಬಳಿಗೆ ಹೋಗುವ ಮೊದಲು ಭಾಷಣವನ್ನು ಒಮ್ಮೆ ಬಿಚ್ಚಿ ನೋಡೋಣ.

ಭಾಷಣದಲ್ಲಿ ಏನಿರುತ್ತದೆ, ಏನಿರುವುದಿಲ್ಲ

1958, 1977 ಮತ್ತು 1999ರ ಭಾಷಣಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಅಚ್ಚು ಒಂದೇ ಎಂದು ಗೊತ್ತಾಗುತ್ತದೆ. ನಮಗೆ ಇಷ್ಟವಿರಲಿಲ್ಲ, ಬೇರೆ ದಾರಿ ಉಳಿಯಲಿಲ್ಲ ಎಂದು ಶುರುವಾಗುತ್ತದೆ. ಮಿರ್ಜಾ ಘೋಷಣೆಯಲ್ಲಿ ಅಧಿಕಾರಕ್ಕಾಗಿ ಕಚ್ಚಾಟ, ಭ್ರಷ್ಟಾಚಾರ, ಮುಗ್ಧ ಜನರ ಶೋಷಣೆ, ರಾಜಕೀಯಕ್ಕಾಗಿ ಧರ್ಮದ ದುರ್ಬಳಕೆ ಇವುಗಳ ಪಟ್ಟಿ ಇತ್ತು. ತನಗೆ ರಾಜಕೀಯ ಮಹತ್ವಾಕಾಂಕ್ಷೆ ಇಲ್ಲ, ಅಕ್ಟೋಬರಿನಲ್ಲಿ ಮುಕ್ತ ಚುನಾವಣೆ ನಡೆಸುವುದೊಂದೇ ಗುರಿ ಎಂದು ಜಿಯಾ ಉಲ್ ಹಕ್ 1977ರ ಜುಲೈ 5ರಂದು ಹೇಳಿದರು. 1999ರ ಅಕ್ಟೋಬರ್ 13ರ ನಸುಕಿನಲ್ಲಿ ಪರ್ವೇಜ್ ಮುಷರಫ್, ಕೊನೆಯ ಉಪಾಯವಾಗಿ ಸೈನ್ಯ ಮುಂದೆ ಬರಬೇಕಾಯಿತು ಎಂದರು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಆ ಪಟ್ಟಿಗಳಲ್ಲಿ ಇರುತ್ತಿದ್ದ ದೂರುಗಳು ಬಹುಪಾಲು ನಿಜವೇ. 1958ರ ಸೆಪ್ಟೆಂಬರಿನಲ್ಲಿ ಢಾಕಾದ ಪ್ರಾಂತೀಯ ಸಭೆಯಲ್ಲಿ ನಡೆದ ಹೊಡೆದಾಟದಲ್ಲಿ ಪೆಟ್ಟು ತಿಂದ ಉಪಸಭಾಧ್ಯಕ್ಷ ಶಾಹೇದ್ ಅಲಿ ತೀರಿಹೋದರು. 1956ರ ಮಾರ್ಚಿನಲ್ಲಿ ಸಂವಿಧಾನ ಜಾರಿಗೆ ಬಂದ ಮೇಲಿನ ಎರಡೂವರೆ ವರ್ಷಗಳಲ್ಲಿ ನಾಲ್ವರು ಪ್ರಧಾನಿಗಳನ್ನು ದೇಶ ನೋಡಿತ್ತು. 1977ರ ಮಾರ್ಚ್ ಚುನಾವಣೆಯಲ್ಲಿ ಜುಲ್ಫಿಕರ್ ಅಲಿ ಭುಟ್ಟೊ ಅವರ ಪಕ್ಷಕ್ಕೆ 200ರಲ್ಲಿ 155 ಸ್ಥಾನ ಬಂದಾಗ ಅಕ್ರಮ ನಡೆದಿದೆ ಎಂದು ಒಂಬತ್ತು ಪಕ್ಷಗಳ ಒಕ್ಕೂಟ ಬೀದಿಗಿಳಿಯಿತು, ರಕ್ತ ಹರಿಯಿತು. ದೂರು ಸುಳ್ಳಲ್ಲದ ಕಾರಣಕ್ಕೇ ಭಾಷಣ ಕೆಲಸ ಮಾಡುತ್ತದೆ. ಕೇಳುವ ಜನ ಹೌದಲ್ಲ ಎಂದು ತಲೆದೂಗುತ್ತಾರೆ.

ಆದರೆ ಭಾಷಣದಲ್ಲಿ ಇಲ್ಲದ್ದನ್ನು ಹುಡುಕಬೇಕು. ನಾಲ್ವರು ಪ್ರಧಾನಿಗಳು ಬದಲಾದದ್ದರ ಬಗ್ಗೆ ಮರುಗಿದ ಮಿರ್ಜಾ ಅವರೇ ಆ ನಾಲ್ವರಲ್ಲೊಬ್ಬರಾದ ಸುಹ್ರಾವರ್ದಿ ಅವರನ್ನು ರಾಜೀನಾಮೆಗೆ ದೂಡಿದವರು. 1959ರ ಆರಂಭದಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಬೇಕಿತ್ತು ಎಂಬುದಕ್ಕೆ ಘೋಷಣೆಯಲ್ಲಿ ತೂಕವೇ ಸಿಗಲಿಲ್ಲ. 1977ರ ಜುಲೈ 4ರ ಹೊತ್ತಿಗೆ ಭುಟ್ಟೊ ಮತ್ತು ಪ್ರತಿಪಕ್ಷಗಳ ಮಾತುಕತೆ ಕೊನೆಯ ಹಂತಕ್ಕೆ ಬಂದಿತ್ತು. 1999ರಲ್ಲಿ ಟ್ಯಾಂಕು ಚಲಿಸಿದ್ದು ಭ್ರಷ್ಟಾಚಾರ ಹೆಚ್ಚಾದ ದಿನ ಅಲ್ಲ, ಸೇನಾ ಮುಖ್ಯಸ್ಥರ ಕುರ್ಚಿಗೆ ಕೈಹಾಕಿದ ದಿನ. ಕೊಲಂಬೊದಿಂದ ವಾಪಸಾಗುತ್ತಿದ್ದ ಮುಷರಫ್ ವಿಮಾನದಲ್ಲಿದ್ದಾಗ ಪ್ರಧಾನಿ ನವಾಜ್ ಷರೀಫ್, ಮುಷರಫ್ ಅವರನ್ನು ಕಿತ್ತು ಆ ಸ್ಥಾನಕ್ಕೆ ಜಿಯಾವುದ್ದೀನ್ ಬಟ್ ಅವರನ್ನು ನೇಮಿಸಿದ್ದರು.

ಗಡುವನ್ನೂ ನೋಡಬೇಕು. ಜಿಯಾ 90 ದಿನ ಎಂದರು, ಚುನಾವಣೆಗೆ ಅಕ್ಟೋಬರ್ 18 ಎಂದು ದಿನವನ್ನೂ ಗೊತ್ತು ಮಾಡಿದರು. ಅಕ್ಟೋಬರ್ 1ರಂದು ಅದನ್ನು ಮುಂದೂಡಿದರು. ಮೊದಲು ಲೆಕ್ಕ ಒಪ್ಪಿಸಲಿ, ಆಮೇಲೆ ಚುನಾವಣೆ ಎಂಬ ಅರ್ಥದ ‘ಪೆಹ್ಲೆ ಎಹ್ತೆಸಾಬ್, ಫಿರ್ ಇಂತಿಖಾಬ್’ ಎಂಬ ಘೋಷಣೆ ಹುಟ್ಟಿಕೊಂಡಿತು. ಮತ್ತೆ 1979ರ ನವೆಂಬರ್ 17 ಎಂದರು, ಅದೂ ರದ್ದಾಯಿತು. ಆ 90 ದಿನ ಮುಗಿದದ್ದು 1988ರ ಆಗಸ್ಟ್ 17ರಂದು, ವಿಮಾನ ಬಿದ್ದು ಜಿಯಾ ಸತ್ತಾಗ. ಇದರಿಂದ ಪಾಠ ಕಲಿತವರು ಮುಂದಿನ ಸೇನಾಧಿಕಾರಿಗಳೇ. 1999ರ ಅಕ್ಟೋಬರ್ 17ರಂದು ಮುಷರಫ್ ಪ್ರಕಟಿಸಿದ ಏಳು ಅಂಶಗಳಲ್ಲಿ ಜನರ ಆತ್ಮವಿಶ್ವಾಸ ಕಟ್ಟುವುದು, ಒಕ್ಕೂಟವನ್ನು ಬಲಪಡಿಸುವುದು, ಆರ್ಥಿಕತೆಯನ್ನು ಎತ್ತುವುದು, ಕಾನೂನು ಸುವ್ಯವಸ್ಥೆ, ಸಂಸ್ಥೆಗಳಿಂದ ರಾಜಕೀಯವನ್ನು ತೆಗೆಯುವುದು, ಅಧಿಕಾರ ವಿಕೇಂದ್ರೀಕರಣ, ಭ್ರಷ್ಟರಿಂದ ಲೆಕ್ಕ ಕೇಳುವುದು ಎಲ್ಲ ಇದ್ದವು. ಒಂದಕ್ಕೂ ದಿನಾಂಕ ಇರಲಿಲ್ಲ.

‘ಅನಿವಾರ್ಯತೆ’ ಎಂಬ ಪದದ ತೂಕ

ಕೋರ್ಟಿಗೆ ಬಂದಾಗ ಸೇನೆಯ ವಕೀಲರು ಎತ್ತುವ ವಾದ ಎರಡೇ ಬಗೆಯದು. ಒಂದು, ನಾವು ಗೆದ್ದಿದ್ದೇವೆ, ಆದ್ದರಿಂದ ನಾವೇ ಕಾನೂನು. ಇನ್ನೊಂದು, ನಾವು ಕಾನೂನು ಮೀರಿದ್ದು ನಿಜ, ಆದರೆ ಮೀರದೆ ವಿಧಿಯಿರಲಿಲ್ಲ. ಎರಡೂ ಹತ್ತಿರದವು ಎನಿಸಬಹುದು, ಆದರೆ ಪರಿಣಾಮ ಪೂರ್ತಿ ಬೇರೆ.

ಮೊದಲನೆಯದಕ್ಕೆ ಮುನೀರ್ ಬಳಸಿದ್ದು ಆಸ್ಟ್ರಿಯಾ ಮೂಲದ ನ್ಯಾಯಶಾಸ್ತ್ರಜ್ಞ ಹಾನ್ಸ್ ಕೆಲ್ಸೆನ್ ಅವರ ಸಿದ್ಧಾಂತವನ್ನು. ಅದನ್ನು ಸರಳವಾಗಿ ಹೀಗೆ ಹೇಳಬಹುದು. ಟ್ರಾಫಿಕ್ ಪೊಲೀಸ್ ನನಗೆ ದಂಡ ಹಾಕುವ ಅಧಿಕಾರ ಎಲ್ಲಿಂದ ಬಂತು? ಮೋಟಾರು ವಾಹನ ಕಾಯ್ದೆಯಿಂದ. ಕಾಯ್ದೆಗೆ ಅಧಿಕಾರ? ಶಾಸನಸಭೆಯಿಂದ. ಸಭೆಗೆ? ಸಂವಿಧಾನದಿಂದ. ಸಂವಿಧಾನಕ್ಕೆ? ಅಲ್ಲಿ ಮೆಟ್ಟಿಲು ಮುಗಿಯುತ್ತದೆ. ಅದನ್ನು ಪಾಲಿಸಬೇಕು ಎಂದು ನಾವು ಒಪ್ಪಿಕೊಂಡೇ ಮುಂದಕ್ಕೆ ಹೋಗುತ್ತೇವೆ, ಆ ಒಪ್ಪಿಗೆಯೇ ಮೂಲಸೂತ್ರ. ಜನ ಹಳೆಯದನ್ನು ಬಿಟ್ಟು ಹೊಸ ವ್ಯವಸ್ಥೆಯನ್ನು ಪಾಲಿಸತೊಡಗಿದರೆ ಮೂಲಸೂತ್ರ ಬದಲಾಗಿದೆ ಎಂದು ಶಾಸ್ತ್ರಜ್ಞರು ಗುರುತಿಸುತ್ತಾರೆ.

ಕೆಲ್ಸೆನ್ ಹೇಳಿದ್ದು ದೂರದಿಂದ ನೋಡುವವರ ವಿವರಣೆ. ಮುನೀರ್ ಅದನ್ನು ಒಳಗೆ ಕೂತ ನ್ಯಾಯಮೂರ್ತಿಯ ಆದೇಶವಾಗಿ ತಿರುಗಿಸಿದರು. ತಪ್ಪು ಇರುವುದು ಇಲ್ಲಿಯೇ. ದಂಗೆ ನಡೆದು 20 ದಿನವಾಗಿತ್ತಷ್ಟೆ. ಅದು ಗೆದ್ದಿದೆಯೋ ಇಲ್ಲವೋ ಎಂಬುದಕ್ಕೆ ಸುಪ್ರೀಂ ಕೋರ್ಟ್ ಏನು ಹೇಳುತ್ತದೆ ಎಂಬುದೇ ಒಂದು ದೊಡ್ಡ ಸಾಕ್ಷಿ. ಗೆದ್ದಿದೆಯೇ ಎಂದು ನೋಡಲು ಕೂತವರು ತಮ್ಮ ತೀರ್ಪಿನಿಂದಲೇ ಅದನ್ನು ಗೆಲ್ಲಿಸಿದರು. ಈ ತೀರ್ಪಿನ ಗಾಳಿ ದೂರ ಬೀಸಿತು. 1966ರಲ್ಲಿ ಉಗಾಂಡಾದ ಹೈಕೋರ್ಟ್ ಮಟೋವು ಪ್ರಕರಣದಲ್ಲಿ ದೋಸ್ಸೊ ತೀರ್ಪನ್ನು ಆಧಾರವಾಗಿ ಹಿಡಿಯಿತು.

ಎರಡನೆಯ ವಾದ, ಅನಿವಾರ್ಯತೆಯ ಸಿದ್ಧಾಂತ, ಅದಕ್ಕೂ ಹಳೆಯದು. ಗವರ್ನರ್ ಜನರಲ್ ಗುಲಾಮ್ ಮುಹಮ್ಮದ್ 1954ರ ಅಕ್ಟೋಬರ್ 24ರಂದು ಸಂವಿಧಾನ ಸಭೆಯನ್ನೇ ವಿಸರ್ಜಿಸಿದಾಗ ಸಭಾಧ್ಯಕ್ಷ ಮೌಲ್ವಿ ತಮೀಜುದ್ದೀನ್ ಖಾನ್ ಸಿಂಧ್ ಕೋರ್ಟಿಗೆ ಹೋಗಿ ಗೆದ್ದರು. ಮುನೀರ್ ನೇತೃತ್ವದ ಫೆಡರಲ್ ಕೋರ್ಟ್ 1955ರಲ್ಲಿ ಅದನ್ನು ತಾಂತ್ರಿಕ ಕಾರಣಕ್ಕೆ ತಳ್ಳಿಹಾಕಿತು. ಎ.ಆರ್. ಕಾರ್ನೀಲಿಯಸ್ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪಿನಿಂದ ಹಲವಾರು ಕಾಯ್ದೆಗಳು ಏಕಾಏಕಿ ಅಸಿಂಧುವಾಗಿ ಕಾನೂನಿನ ಗುಂಡಿ ಬಿತ್ತು. ಅದನ್ನು ಮುಚ್ಚಲು ಅದೇ ಕೋರ್ಟ್ 13ನೇ ಶತಮಾನದ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಬ್ರ್ಯಾಕ್ಟನ್ ಹೆಸರಿನ ಸೂಕ್ತಿಯನ್ನು ಹೊರತೆಗೆಯಿತು: ಬೇರೆ ಹೊತ್ತಿನಲ್ಲಿ ಕಾನೂನಲ್ಲದ್ದನ್ನು ಅನಿವಾರ್ಯತೆ ಕಾನೂನಾಗಿಸುತ್ತದೆ.

ಈ ಸೂಕ್ತಿ ಕೆಟ್ಟದ್ದಲ್ಲ. ಬೆಂಕಿ ಹತ್ತಿದಾಗ ಪಕ್ಕದ ಮನೆಯ ಬೀಗ ಒಡೆದು ನೀರು ತರುವವನನ್ನು ಯಾವ ನ್ಯಾಯಾಲಯವೂ ಕಳ್ಳ ಎನ್ನುವುದಿಲ್ಲ. ಆದರೆ ಅವನು ಬೆಂಕಿ ಆರಿದ ಮೇಲೂ ಆ ಮನೆಯಲ್ಲೇ ಸಂಸಾರ ಹೂಡಿದರೆ? ಇದಕ್ಕೊಂದು ಸ್ಪಷ್ಟ ಅಳತೆಗೋಲನ್ನು ಸೈಪ್ರಸ್ ಸುಪ್ರೀಂ ಕೋರ್ಟ್ 1964ರ ಇಬ್ರಾಹಿಂ ಪ್ರಕರಣದಲ್ಲಿ ಕೊಟ್ಟಿತು. ಅಪಾಯ ನಿಜವಾಗಿಯೂ ತಪ್ಪಿಸಲಾಗದ್ದಾಗಿರಬೇಕು. ಬೇರೆ ಪರಿಹಾರ ಇರಬಾರದು. ಕೈಗೊಂಡ ಕ್ರಮ ಅಪಾಯದ ಪ್ರಮಾಣಕ್ಕೆ ತಕ್ಕಷ್ಟೇ ಇರಬೇಕು. ಅದು ತಾತ್ಕಾಲಿಕವಾಗಿರಬೇಕು, ಸಂಕಟ ಇರುವಷ್ಟು ದಿನ ಮಾತ್ರ.

ಈ ನಾಲ್ಕನ್ನು ಹಿಡಿದು ಅಳೆದರೆ ಪಾಕಿಸ್ತಾನದ ಒಂದೊಂದು ದಂಗೆ ಒಂದೊಂದು ಕಡೆ ಸೋಲುತ್ತದೆ. 1958 ಎರಡನೆಯದರಲ್ಲೇ ಸೋಲುತ್ತದೆ, ಚುನಾವಣೆ ಕೆಲವೇ ತಿಂಗಳು ದೂರವಿತ್ತು. 1969ರ ಮಾರ್ಚಿನಲ್ಲಿ ಬೀದಿಗಳು ಹೊತ್ತಿ ಉರಿಯುತ್ತಿದ್ದುದು ನಿಜ. ಆದರೆ ಅಯೂಬ್ ತಾವೇ ಬರೆಸಿದ್ದ 1962ರ ಸಂವಿಧಾನದಲ್ಲಿ ಅಧ್ಯಕ್ಷ ಸ್ಥಾನ ಖಾಲಿಯಾದರೆ ರಾಷ್ಟ್ರೀಯ ಸಭೆಯ ಸಭಾಧ್ಯಕ್ಷರು ಆ ಹೊಣೆ ಹೊರಬೇಕೆಂದಿತ್ತು. ಅವರನ್ನು ಬಿಟ್ಟು ಅಯೂಬ್ ಪತ್ರ ಬರೆದದ್ದು ಸೇನಾ ಮುಖ್ಯಸ್ಥ ಯಾಹ್ಯಾ ಖಾನ್‌ಗೆ. 1977ರಲ್ಲಿ ಅಪಾಯ ಕಣ್ಣೆದುರಿಗಿತ್ತು, ಮೊದಲ ಷರತ್ತನ್ನು ದಾಟುವಷ್ಟು. ಪ್ರಮಾಣದಲ್ಲಿ ಮತ್ತು ಕಾಲಾವಧಿಯಲ್ಲಿ ಅದು ನೆಲಕಚ್ಚಿತು. 1999ರಲ್ಲಿ ಅಪಾಯ ಎಂದು ತೋರಿಸಿದ್ದು ಒಂದು ವಿಮಾನವನ್ನು. ಕರಾಚಿಯಲ್ಲಿ ಅದನ್ನು ಇಳಿಯಲು ಬಿಡಲಿಲ್ಲ, ಇಂಧನ ಮುಗಿಯುತ್ತಿತ್ತು ಎಂಬುದು ಸೇನೆಯ ಆರೋಪ. ಹಾಗೆಂದೇ ಇಟ್ಟುಕೊಂಡರೂ ಅದೇ ಸಂಜೆ ವಿಮಾನ ಇಳಿಯಿತು, ಅಪಾಯ ಅಲ್ಲಿಗೆ ಮುಗಿಯಿತು. ಅದಕ್ಕೆ ಒಂದು ಚುನಾಯಿತ ಸರ್ಕಾರವನ್ನೂ ಸಂಸತ್ತನ್ನೂ ವರ್ಷಗಟ್ಟಲೆ ತೆಗೆದುಹಾಕುವುದು ಯಾವ ಪ್ರಮಾಣ? ಆ ವಿಮಾನ ಅಪಹರಣದ ಆರೋಪದಲ್ಲಿ ಷರೀಫ್‌ಗೆ 2000ದ ಏಪ್ರಿಲ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು, 2009ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಖುಲಾಸೆಗೊಳಿಸಿತು.

ಒಮ್ಮೆ ಸರಿಯಾದ ತೀರ್ಪು, ತಡವಾಗಿ

1972ರ ಏಪ್ರಿಲ್ 20ರಂದು ಬಂದ ಅಸ್ಮಾ ಜಿಲಾನಿ ತೀರ್ಪು ಈ ಇತಿಹಾಸದ ಅತ್ಯುತ್ತಮ ಪುಟ. ಬಂಧನದಲ್ಲಿದ್ದ ತಂದೆಯ ಪರವಾಗಿ ಅರ್ಜಿ ಹಾಕಿದ ಆ ಯುವತಿಯನ್ನು ಜಗತ್ತು ಮುಂದೆ ಅಸ್ಮಾ ಜಹಾಂಗೀರ್ ಎಂಬ ಹೆಸರಿನಲ್ಲಿ ಮಾನವ ಹಕ್ಕುಗಳ ವಕೀಲೆಯಾಗಿ ಗುರುತಿಸಿತು. ಮುಖ್ಯ ನ್ಯಾಯಮೂರ್ತಿ ಹಮೂದುರ್ ರಹಮಾನ್ ದೋಸ್ಸೊ ತೀರ್ಪನ್ನು ರದ್ದುಪಡಿಸಿದರು. ಕೆಲ್ಸೆನ್‌ರನ್ನು ತಪ್ಪಾಗಿ ಓದಲಾಗಿದೆ, ಸೇನಾ ದಂಡನಾಯಕನಿಗೆ ಸಂವಿಧಾನ ರದ್ದುಪಡಿಸುವ ಅಧಿಕಾರ ಎಲ್ಲಿಂದಲೂ ಬರುವುದಿಲ್ಲ, ಯಾಹ್ಯಾ ಖಾನ್ ಅಧಿಕಾರ ಕಸಿದುಕೊಂಡವರು ಎಂದು ಬರೆದರು.

ಹಾಗಾದರೆ ಯಾಹ್ಯಾ ಕಾಲದಲ್ಲಿ ಆದ ಮದುವೆ ನೋಂದಣಿ, ಆಸ್ತಿ ಕ್ರಯ, ಕೋರ್ಟ್ ಡಿಕ್ರಿ ಎಲ್ಲ ಏನಾಗಬೇಕು? ಇದಕ್ಕೆ ತೀರ್ಪು ಕೊಟ್ಟ ಉತ್ತರ ಇಡೀ ವಿಷಯದ ಕೀಲಿ. ಊರ್ಜಿತಗೊಳಿಸುವುದು ಬೇರೆ, ಮನ್ನಿಸುವುದು ಬೇರೆ ಎಂದಿತು ಕೋರ್ಟು. ಮುಗಿದುಹೋದ ವ್ಯವಹಾರಗಳನ್ನು, ಹಳೆಯ ಸಂವಿಧಾನದಡಿಯೂ ಮಾಡಬಹುದಾಗಿದ್ದ ಕೆಲಸಗಳನ್ನು, ಜನರ ದಿನನಿತ್ಯದ ಬದುಕು ನಡೆಯಲು ಬೇಕಾದದ್ದನ್ನು ಮನ್ನಿಸಬಹುದು. ಅಧಿಕಾರ ಕಸಿದುಕೊಂಡವರ ಕೈ ಬಲಪಡಿಸುವ ಯಾವುದನ್ನೂ ಮನ್ನಿಸಲಾಗದು. ಮನೆ ಕಸಿದವನ ಕಾಲದಲ್ಲಿ ಕಟ್ಟಿದ ವಿದ್ಯುತ್ ಬಿಲ್ಲು ಸಂದಾಯವಾಯಿತು ಎಂದು ಒಪ್ಪುತ್ತೇವೆ, ಹಾಗೆಂದು ಮನೆ ಅವನದಾಗುವುದಿಲ್ಲ.

ತೀರ್ಪಿಗೆ ಒಂದೇ ಕೊರತೆ. ಅದು ಬರುವ ಹೊತ್ತಿಗೆ ಯಾಹ್ಯಾ ಪದವಿ ಬಿಟ್ಟು ನಾಲ್ಕು ತಿಂಗಳಾಗಿತ್ತು.

ಈ ಪಾಠ 1973ರ ಸಂವಿಧಾನದ 6ನೇ ವಿಧಿಯಾಯಿತು. ಬಲಪ್ರಯೋಗದಿಂದ ಅಥವಾ ಬಲಪ್ರದರ್ಶನದಿಂದ ಸಂವಿಧಾನವನ್ನು ರದ್ದುಪಡಿಸುವುದು, ಬುಡಮೇಲು ಮಾಡುವುದು ಘೋರ ರಾಜದ್ರೋಹ. ಅದೇ ವರ್ಷದ ಕಾಯ್ದೆ ಅದಕ್ಕೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಎಂದಿತು. ಆದರೆ ದೂರು ಕೊಡುವ ಅಧಿಕಾರ ಕೇಂದ್ರ ಸರ್ಕಾರದ್ದು ಮಾತ್ರ. ಸರ್ಕಾರವೇ ಸೇನೆಯ ಕೈಯಲ್ಲಿದ್ದಾಗ ದೂರು ಕೊಡುವವರು ಯಾರು?

ಇನ್ನೊಂದು ಸಂದು ಪದಗಳಲ್ಲಿತ್ತು. 6ನೇ ವಿಧಿ ‘ರದ್ದುಪಡಿಸುವುದು’ ಎಂದಿತ್ತು, ‘ಅಮಾನತಿನಲ್ಲಿಡುವುದು’ ಎಂದಿರಲಿಲ್ಲ. 1977ರಲ್ಲಿ ಜಿಯಾ ಸಂವಿಧಾನವನ್ನು ರದ್ದು ಮಾಡಲಿಲ್ಲ, ಅಮಾನತಿನಲ್ಲಿಟ್ಟರು. 1999ರಲ್ಲಿ ಮುಷರಫ್ ಕೂಡ. ಇಬ್ಬರೂ ಹಳೆಯ ಅಧ್ಯಕ್ಷರನ್ನು ಕುರ್ಚಿಯಲ್ಲೇ ಬಿಟ್ಟರು, ಜಿಯಾ ಕಾಲದಲ್ಲಿ ಫಜಲ್ ಇಲಾಹಿ ಚೌಧರಿ, ಮುಷರಫ್ ಕಾಲದಲ್ಲಿ ರಫೀಕ್ ತರಾರ್. ಮುಷರಫ್ ಮಾರ್ಷಲ್ ಲಾ ಎಂಬ ಪದವನ್ನೂ ಬಿಟ್ಟು ತಮ್ಮನ್ನು ‘ಮುಖ್ಯ ಕಾರ್ಯನಿರ್ವಾಹಕ’ ಎಂದು ಕರೆದುಕೊಂಡರು. ಪದ ಆರಿಸುವಾಗ ಅವರ ಪಕ್ಕದಲ್ಲಿ ವಕೀಲರು ಕೂತಿರುತ್ತಿದ್ದರು ಎಂಬುದನ್ನು ಓದುಗರು ಮರೆಯಬಾರದು.

ಪ್ರಮಾಣವಚನದ ಜರಡಿ

ಅಸ್ಮಾ ಜಿಲಾನಿ ತೀರ್ಪು ಇದ್ದಾಗ್ಯೂ ಜಿಯಾಗೆ ಮೊಹರು ಸಿಕ್ಕಿದ್ದು ಹೇಗೆ? ನುಸ್ರತ್ ಭುಟ್ಟೊ ತಮ್ಮ ಪತಿಯ ಬಂಧನವನ್ನು ಪ್ರಶ್ನಿಸಿ ಹಾಕಿದ ಅರ್ಜಿಯನ್ನು ಮುಖ್ಯ ನ್ಯಾಯಮೂರ್ತಿ ಯಾಕೂಬ್ ಅಲಿ ವಿಚಾರಣೆಗೆ ತೆಗೆದುಕೊಂಡ ಕೂಡಲೇ ಅವರ ಅವಧಿಯನ್ನು ವಿಸ್ತರಿಸಿದ್ದ ತಿದ್ದುಪಡಿಯನ್ನು ಜಿಯಾ ಕಿತ್ತುಹಾಕಿದರು, ಅವರು ಮನೆಗೆ ಹೋದರು. ಅನ್ವರುಲ್ ಹಕ್ ಮುಖ್ಯ ನ್ಯಾಯಮೂರ್ತಿಯಾದರು. 1977ರ ನವೆಂಬರ್ 10ರ ತೀರ್ಪು ದೋಸ್ಸೊವನ್ನು ಮತ್ತೆ ಎಬ್ಬಿಸಲಿಲ್ಲ, ಅನಿವಾರ್ಯತೆಯನ್ನು ಹಿಡಿದುಕೊಂಡಿತು. ಚುನಾವಣೆ ನಡೆಸುತ್ತೇನೆಂಬ ಮಾತೇ ಸಮರ್ಥನೆಯ ಆಧಾರ ಎಂದಿತು. ಆದರೆ ಯಾವ ದಿನದೊಳಗೆ ಎಂದು ಬರೆಯಲಿಲ್ಲ. ಅದರ ಜೊತೆಗೆ ಸಂವಿಧಾನವನ್ನು ತಿದ್ದುವ ಅಧಿಕಾರವನ್ನೂ ಕೊಟ್ಟುಬಿಟ್ಟಿತು. ಬೀಗ ಒಡೆದು ಬಂದವನಿಗೆ ಮನೆಯ ಪತ್ರವನ್ನೂ ತಿದ್ದಿಕೋ ಎಂದಂತಾಯಿತು. ನನ್ನ ಪ್ರಕಾರ ಪಾಕಿಸ್ತಾನದ ನ್ಯಾಯಾಂಗ ಮಾಡಿದ ಅತಿ ದೊಡ್ಡ ತಪ್ಪು ದೋಸ್ಸೊ ಅಲ್ಲ, ಈ ಒಂದು ವಾಕ್ಯ.

ತೀರ್ಪು ತನಗಾಗಿ ಒಂದನ್ನು ಉಳಿಸಿಕೊಂಡಿತ್ತು: ಸೇನಾಡಳಿತದ ಕ್ರಮಗಳನ್ನು ಪರಿಶೀಲಿಸುವ ಕೋರ್ಟುಗಳ ಅಧಿಕಾರ. ತಾವು ಪಡೆದ ತಿದ್ದುವ ಅಧಿಕಾರವನ್ನು ಬಳಸಿ ಜಿಯಾ ಅದನ್ನೇ ಕತ್ತರಿಸುತ್ತಾ ಬಂದರು. 1981ರ ಮಾರ್ಚ್ 24ರ ಪಿಸಿಒ ಪ್ರಕಾರ ನ್ಯಾಯಮೂರ್ತಿಗಳೆಲ್ಲ ಹೊಸದಾಗಿ ಪ್ರಮಾಣ ಸ್ವೀಕರಿಸಬೇಕಾಯಿತು, ಸಂವಿಧಾನದ ಹೆಸರಿನಲ್ಲಲ್ಲ, ಆ ಆದೇಶದ ಹೆಸರಿನಲ್ಲಿ. ದೊರಾಬ್ ಪಟೇಲ್, ಫಖ್ರುದ್ದೀನ್ ಇಬ್ರಾಹಿಂ ಒಪ್ಪಲಿಲ್ಲ. ನುಸ್ರತ್ ಭುಟ್ಟೊ ತೀರ್ಪು ಬರೆದಿದ್ದ ಅನ್ವರುಲ್ ಹಕ್ ಅವರೂ ಒಪ್ಪದೆ ಹೊರನಡೆದರು.

ಈ ಪ್ರಮಾಣ ಒಂದು ಜರಡಿ. ಯಾರು ಸೇನೆಯ ವಿರುದ್ಧ ತೀರ್ಪು ಕೊಡಬಲ್ಲರೋ ಅವರು ತಾವಾಗಿಯೇ ಸೋಸಿಹೋಗುತ್ತಾರೆ, ಯಾರನ್ನೂ ವಜಾ ಮಾಡಬೇಕಿಲ್ಲ. 2000ದ ಜನವರಿ 26ರಂದು ಮುಷರಫ್ ಮತ್ತೆ ಅದನ್ನೇ ಬಳಸಿದರು. ಮುಖ್ಯ ನ್ಯಾಯಮೂರ್ತಿ ಸಯೀದುಜ್ಜಮಾನ್ ಸಿದ್ದೀಕಿ ಸೇರಿ ಸುಪ್ರೀಂ ಕೋರ್ಟಿನ ಆರು ಮಂದಿ ನಿರಾಕರಿಸಿದರು. ಉಳಿದವರು ಮತ್ತು ಹೊಸಬರು ಕೂತ ಪೀಠ ಮೇ 12ರಂದು ಜಫರ್ ಅಲಿ ಶಾ ಪ್ರಕರಣದಲ್ಲಿ ದಂಗೆಯನ್ನು ಊರ್ಜಿತಗೊಳಿಸಿತು. ಈ ಸಲ ಮೂರು ವರ್ಷದ ಗಡುವು ಹಾಕಿತು. ಒಕ್ಕೂಟ ಸ್ವರೂಪ, ಸಂಸದೀಯ ಪದ್ಧತಿ, ನ್ಯಾಯಾಂಗದ ಸ್ವಾತಂತ್ರ್ಯ, ಇಸ್ಲಾಮಿಕ್ ಅಂಶಗಳು ಇವುಗಳನ್ನು ಮುಟ್ಟುವಂತಿಲ್ಲ ಎಂದಿತು. ಕೇಳದೇ ಇದ್ದರೂ ಸಂವಿಧಾನ ತಿದ್ದುವ ಅಧಿಕಾರವನ್ನು ಮತ್ತೊಮ್ಮೆ ಕೊಟ್ಟಿತು ಎಂದು ವಿಮರ್ಶಕರು ಇಂದಿಗೂ ನೊಂದು ಹೇಳುತ್ತಾರೆ.

ಕೊನೆಯ ಮೆಟ್ಟಿಲು: ಸಂಸತ್ತಿನ ಕ್ಷಮೆ

ಕೋರ್ಟಿನ ಮೊಹರನ್ನು ಮುಂದಿನ ಕೋರ್ಟು ಅಳಿಸಬಹುದು ಎಂದು ಅಸ್ಮಾ ಜಿಲಾನಿ ತೋರಿಸಿಕೊಟ್ಟಿತ್ತು. ಆದ್ದರಿಂದ ಬ್ಯಾರಕ್ಕಿಗೆ ಮರಳುವ ಮುನ್ನ ಸೇನಾಧಿಕಾರಿಗಳಿಗೆ ಸಂವಿಧಾನದೊಳಗೇ ರಕ್ಷಣೆ ಬೇಕು. 1985ರ ಪಕ್ಷರಹಿತ ಚುನಾವಣೆಯಲ್ಲಿ ಆರಿಸಿಬಂದ ಸಂಸತ್ತು 8ನೇ ತಿದ್ದುಪಡಿಯಿಂದ ಜಿಯಾ ಅವರ ಎಲ್ಲ ಆದೇಶಗಳಿಗೂ 270ಎ ವಿಧಿಯ ಕವಚ ತೊಡಿಸಿದ ಮೇಲೆಯೇ, ಡಿಸೆಂಬರ್ 30ರಂದು, ಮಾರ್ಷಲ್ ಲಾ ಹಿಂತೆಗೆಯಲಾಯಿತು. 2003ರ ಡಿಸೆಂಬರಿನ 17ನೇ ತಿದ್ದುಪಡಿ ಮುಷರಫ್‌ಗೆ 270ಎಎ ಕೊಟ್ಟಿತು. ಅದಕ್ಕೆ ಪ್ರತಿಯಾಗಿ 2004ರ ಅಂತ್ಯಕ್ಕೆ ಸಮವಸ್ತ್ರ ಕಳಚುತ್ತೇನೆಂದು ಮುಷರಫ್ ಕೊಟ್ಟ ಮಾತು ಈಡೇರಲಿಲ್ಲ.

ಈ ಕವಚವನ್ನು ಒಡೆದ ಒಳ್ಳೆಯ ಉದಾಹರಣೆ ಢಾಕಾದ್ದು, ಅದಕ್ಕೆ ನಮ್ಮ ಕನ್ನಡ ನೆಲದ ನಂಟೂ ಇದೆ. 1975ರ ಆಗಸ್ಟ್ 15ರಂದು ಶೇಖ್ ಮುಜಿಬುರ್ ರಹಮಾನ್ ಅವರನ್ನು ಕೊಂದ ನಂತರದ ಸೇನಾಡಳಿತದ ಎಲ್ಲ ಕ್ರಮಗಳನ್ನೂ ಬಾಂಗ್ಲಾದೇಶ 1979ರ 5ನೇ ತಿದ್ದುಪಡಿಯಲ್ಲಿ ಸಿಂಧುಗೊಳಿಸಿತ್ತು. ಅದು ಬಿದ್ದದ್ದು ಒಂದು ಸಿನಿಮಾ ಮಂದಿರದ ಜಗಳದಲ್ಲಿ. ಹಳೆ ಢಾಕಾದ ಮೂನ್ ಸಿನಿಮಾವನ್ನು ವಾರಸುದಾರರಿಲ್ಲದ ಆಸ್ತಿ ಎಂದು ಸರ್ಕಾರ ವಶಪಡಿಸಿಕೊಂಡಿತ್ತು, ವಾಪಸು ಕೊಡಿ ಎಂಬ ಕೋರ್ಟ್ ಆದೇಶವನ್ನು ಮಾರ್ಷಲ್ ಲಾ ನಿಯಮ ತಡೆದಿತ್ತು. ಮಾಲೀಕ ಕಂಪನಿ ಬಿಡದೆ ಹೋರಾಡಿತು. 2005ರ ಆಗಸ್ಟ್ 29ರಂದು ಹೈಕೋರ್ಟ್ ವಿಭಾಗ 5ನೇ ತಿದ್ದುಪಡಿಯನ್ನೇ ಅಸಿಂಧು ಎಂದಿತು, 2010ರಲ್ಲಿ ಮೇಲ್ಮನವಿ ವಿಭಾಗ ಅದನ್ನು ಎತ್ತಿಹಿಡಿಯಿತು. ಸಂಸತ್ತು ಮಾಡಿದ ಸಂವಿಧಾನ ತಿದ್ದುಪಡಿಯನ್ನು ಕೋರ್ಟು ಹೊಡೆದುಹಾಕಲು ಬೇಕಾದ ಮೂಲರಚನೆ ಸಿದ್ಧಾಂತವನ್ನು ಬಾಂಗ್ಲಾದೇಶ 1989ರಲ್ಲೇ ಒಪ್ಪಿಕೊಂಡಿತ್ತು. ಅದರ ಬೇರು ಭಾರತದ 1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿದೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಮಠದ ಜಮೀನಿಗಾಗಿ ಹಾಕಿದ ಅರ್ಜಿಯ ಫಲ, ಢಾಕಾದಲ್ಲಿ ಸೇನಾಡಳಿತದ ಕವಚವನ್ನು ಬಿಚ್ಚಲು ಒದಗಿಬಂತು.

ಹೊಸ ತಲೆಮಾರಿನ ಸೇನಾಧಿಕಾರಿಗಳು ಕವಚವನ್ನು ಮೊದಲೇ ಹೊಲಿಸಿಟ್ಟುಕೊಳ್ಳುತ್ತಾರೆ. ಮ್ಯಾನ್ಮಾರ್ ಸೇನೆ ತಾನೇ ಬರೆಸಿದ 2008ರ ಸಂವಿಧಾನದಲ್ಲಿ ಸಂಸತ್ತಿನ ಕಾಲು ಭಾಗ ಸ್ಥಾನಗಳನ್ನು ತನಗಿಟ್ಟುಕೊಂಡು, 417 ಮತ್ತು 418ನೇ ವಿಧಿಗಳಲ್ಲಿ ತುರ್ತು ಪರಿಸ್ಥಿತಿಯಲ್ಲಿ ಅಧಿಕಾರವೆಲ್ಲ ಸೇನಾ ಮುಖ್ಯಸ್ಥರಿಗೆ ಹೋಗುವಂತೆ ಮಾಡಿಕೊಂಡಿತ್ತು. ಆದರೂ ಕಾಗದ ಪೂರ್ತಿ ಹೊಂದಲಿಲ್ಲ. 417ನೇ ವಿಧಿ ಕೇಳುವುದು ದಂಗೆ, ಹಿಂಸೆಯಂಥ ಬಲವಂತದ ಮಾರ್ಗಗಳಿಂದ ಸಾರ್ವಭೌಮತ್ವಕ್ಕೆ ಬಂದ ಅಪಾಯವನ್ನು. 2021ರ ಫೆಬ್ರವರಿ 1ರಂದು ಸೇನೆ ಮುಂದಿಟ್ಟ ಕಾರಣ ಮತದಾರರ ಪಟ್ಟಿಯಲ್ಲಿನ ಲೋಪ. ಘೋಷಣೆಗೆ ಅಧ್ಯಕ್ಷರ ಸಹಿ ಬೇಕು, ಅಧ್ಯಕ್ಷ ವಿನ್ ಮಿಂಟ್ ಬಂಧನದಲ್ಲಿದ್ದರು. ಸೇನೆಯೇ ನಾಮನಿರ್ದೇಶನ ಮಾಡಿದ್ದ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾಗಿ ಸಹಿ ಹಾಕಿದರು.

ಒಂದು ಸಹಿ ತಪ್ಪಿದ್ದು

2007ರ ನವೆಂಬರ್ 3ರಂದು ಮುಷರಫ್ ಎರಡನೇ ಸಲ ಸಂವಿಧಾನವನ್ನು ಅಮಾನತಿನಲ್ಲಿಟ್ಟರು. ಅವರು ಅಧ್ಯಕ್ಷರೂ ಹೌದು, ಸೇನಾ ಮುಖ್ಯಸ್ಥರೂ ಹೌದು. ತುರ್ತು ಪರಿಸ್ಥಿತಿ ಘೋಷಿಸುವ ಅಧಿಕಾರ 232ನೇ ವಿಧಿಯಡಿ ಅಧ್ಯಕ್ಷರಿಗಿದೆ. ಆದರೂ ಘೋಷಣೆಗೆ ಅವರು ಸಹಿ ಹಾಕಿದ್ದು ಸೇನಾ ಮುಖ್ಯಸ್ಥರಾಗಿ. ಕಾರಣ ಸರಳ: ಅಧ್ಯಕ್ಷರ ತುರ್ತು ಅಧಿಕಾರದಿಂದ ನ್ಯಾಯಮೂರ್ತಿಗಳನ್ನು ತೆಗೆಯಲಾಗದು. ಮರುಆಯ್ಕೆಗೆ ಅವರು ಅರ್ಹರೇ ಎಂಬ ತೀರ್ಪು ಆ ದಿನಗಳಲ್ಲೇ ಬರಬೇಕಿತ್ತು, ತೆಗೆಯಬೇಕಿದ್ದದ್ದು ಆ ನ್ಯಾಯಮೂರ್ತಿಗಳನ್ನೇ. ಘೋಷಣೆಯಲ್ಲಿ ಭಯೋತ್ಪಾದನೆಯ ಜೊತೆ ನ್ಯಾಯಾಂಗದ ಮೇಲೂ ಉದ್ದದ ದೂರುಪಟ್ಟಿ ಇತ್ತು.

ಈ ಸಲ ಮೆಟ್ಟಿಲುಗಳು ಒಂದೊಂದಾಗಿ ಮುರಿದವು. 2008ರ ಫೆಬ್ರವರಿಯಲ್ಲಿ ಆರಿಸಿಬಂದ ಸಂಸತ್ತು ಕ್ಷಮೆ ಕೊಡಲಿಲ್ಲ. 2009ರ ಜುಲೈ 31ರಂದು ಸುಪ್ರೀಂ ಕೋರ್ಟ್ ಆ ತುರ್ತು ಪರಿಸ್ಥಿತಿ ಅಸಾಂವಿಧಾನಿಕ ಎಂದಿತು. 2010ರ 18ನೇ ತಿದ್ದುಪಡಿ 6ನೇ ವಿಧಿಯ ಸಂದನ್ನು ಮುಚ್ಚಿ ‘ಅಮಾನತಿನಲ್ಲಿಡುವುದು’ ಎಂಬ ಪದವನ್ನೂ ಸೇರಿಸಿತು. ಘೋರ ರಾಜದ್ರೋಹವನ್ನು ಸುಪ್ರೀಂ ಕೋರ್ಟ್ ಸೇರಿದಂತೆ ಯಾವ ನ್ಯಾಯಾಲಯವೂ ಊರ್ಜಿತಗೊಳಿಸುವಂತಿಲ್ಲ ಎಂಬ ಹೊಸ ಉಪವಿಧಿಯೂ ಬಂತು. ಅದು ಬರೆದಿರುವುದು ಸೇನಾಧಿಕಾರಿಗಳಿಗಲ್ಲ, ನ್ಯಾಯಮೂರ್ತಿಗಳಿಗೆ.

ದೂರು ಕೊಡಬೇಕಾದ ಸರ್ಕಾರ 2013ರಲ್ಲಿ ನವಾಜ್ ಷರೀಫ್ ಅವರದ್ದೇ ಆಗಿತ್ತು, ದೂರು ಕೊಟ್ಟಿತು. 2019ರ ಡಿಸೆಂಬರ್ 17ರಂದು ವಿಶೇಷ ನ್ಯಾಯಾಲಯ ಮುಷರಫ್‌ಗೆ ಅವರ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತು. ಮುಂದಿನ ತಿಂಗಳೇ ಲಾಹೋರ್ ಹೈಕೋರ್ಟ್ ಆ ವಿಶೇಷ ನ್ಯಾಯಾಲಯದ ರಚನೆಯೇ ಅಸಾಂವಿಧಾನಿಕ ಎಂದಿತು. 2024ರ ಜನವರಿ 10ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿದಾಗ ಮುಷರಫ್ ದುಬೈನಲ್ಲಿ ತೀರಿಕೊಂಡು 11 ತಿಂಗಳಾಗಿತ್ತು. ಶಿಕ್ಷೆ ಇದ್ದದ್ದು 2007ರ ನವೆಂಬರ್ 3ರ ಘೋಷಣೆಗೆ, ಯಾವುದಕ್ಕೆ ಮೊಹರು ಸಿಗಲಿಲ್ಲವೋ ಅದಕ್ಕೆ. ಚುನಾಯಿತ ಸರ್ಕಾರವನ್ನು ಉರುಳಿಸಿದ 1999ರ ಅಕ್ಟೋಬರ್ 12ರ ರಾತ್ರಿಯ ಕೃತ್ಯ ಆರೋಪಪಟ್ಟಿಯಲ್ಲಿ ಇರಲಿಲ್ಲ.